ಧ್ರುವದ ಓಜೋನ್: ಅಳತೆಗಳನ್ನು ಹೋಲಿಸುವ ಕ್ರಮ

ಅಂಟಾರ್ಕ್ಟಿಕಾದ ಓಜೋನ್ ಕುಸಿತವನ್ನು 1985ರಲ್ಲಿ ಜಗತ್ತಿಗೆ ತಿಳಿಸಿದ್ದು ಅಲ್ಲಿನ ಬ್ರಿಟಿಷ್ ಸಂಶೋಧನಾ ನೆಲೆಯಾದ ಹ್ಯಾಲಿ ಕೇಂದ್ರದ ಡಾಬ್ಸನ್ ಉಪಕರಣದ ಅಳತೆಗಳು. ನೇರಳಾತೀತ ತರಂಗಾಂತರಗಳ ತೀವ್ರತೆಯನ್ನು ಹೋಲಿಸುವ ಈ ಉಪಕರಣ ನೆತ್ತಿಯ ಮೇಲಿನ ಒಟ್ಟು ಓಜೋನನ್ನು ಹೇಳುತ್ತದೆ. ಬಲೂನಿನಲ್ಲಿ ಏರುವ ಓಜೋನ್‌ಸೋಂಡ್, ಪಂಪು ಎಳೆದ ಗಾಳಿಯಲ್ಲಿನ ಓಜೋನ್ ಪೊಟ್ಯಾಸಿಯಂ ಅಯೊಡೈಡ್ ದ್ರಾವಣದಲ್ಲಿ ಹುಟ್ಟಿಸುವ ವಿದ್ಯುತ್ತನ್ನು ಅಳೆದು, ಯಾವ ಎತ್ತರದಲ್ಲಿ ಎಷ್ಟು ಓಜೋನ್ ಇದೆ ಎಂಬುದನ್ನು ತೋರಿಸುತ್ತದೆ. ಆದ್ದರಿಂದ ಎರಡನ್ನೂ ಹೋಲಿಸಲು ಮೊದಲು ಸೋಂಡಿನ ಅಂಕಿಗಳನ್ನು ಎತ್ತರದುದ್ದಕ್ಕೂ ಕೂಡಿಸಿ, ಬಲೂನು ಒಡೆದ ಎತ್ತರದ ಮೇಲಿನ ಓಜೋನಿನ ಅಂದಾಜು ಸೇರಿಸಿ, ಒಟ್ಟು ಓಜೋನನ್ನು ಹೇಳುವ ಏಕಮಾನವಾದ ಡಾಬ್ಸನ್ ಮಾನಕ್ಕೆ ತನ್ನಿ. ಸೂರ್ಯ ದಿಗಂತಕ್ಕೆ ತೀರ ಸಮೀಪವಿದ್ದಾಗಿನ ಡಾಬ್ಸನ್ ಅಳತೆಗಳನ್ನು ಬದಿಗಿಡಿ; ಉಪಕರಣದೊಳಗೆ ಚದುರಿದ ಬೆಳಕಿನಿಂದ ಆಗ ಓಜೋನ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಸೂರ್ಯನ ಬೆಳಕನ್ನು ಅವಲಂಬಿಸಿದ ಉಪಗ್ರಹಗಳು, ಸೂರ್ಯ ಹುಟ್ಟದ ಧ್ರುವರಾತ್ರಿಯಲ್ಲಿ ಕುರುಡಾಗುವುದರಿಂದ, ಆ ತಿಂಗಳುಗಳಿಗೆ ಸೋಂಡನ್ನೇ ಮುಖ್ಯ ಆಧಾರವಾಗಿಟ್ಟು, ಚಂದ್ರನ ಬೆಳಕಿನಲ್ಲಿ ಪಡೆದ ಡಾಬ್ಸನ್ ಅಳತೆಯಿದ್ದರೆ ಅದರೊಂದಿಗೆ ತಾಳೆ ನೋಡುವುದೇ ಉತ್ತಮವೆಂದು ನನ್ನ ದೃಢ ಅಭಿಪ್ರಾಯ.