ಲೈನ್‌ಮನೆಯ ಜಗಲಿಯಲ್ಲಿ ಪಿ.ಎಫ್. ಲೆಕ್ಕ

ಸಿದ್ದಾಪುರದ ಬಳಿಯ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕಪತ್ರ ಬರೆಯುವವನು. ಒಂದು ಬಟವಾಡೆಯ ದಿನ ಹಿರಿಯ ಕೆಲಸಗಾರ್ತಿಯೊಬ್ಬರು, "ರೈಟರೇ, ನಮ್ಮ ದುಡ್ಡು ಹಿಡಿದು ಯಾರಿಗೆ ಕೊಡ್ತೀರಿ?" ಎಂದು ಕೇಳಿದರು. ಚೀಟಿಯಲ್ಲಿ ಪಿ.ಎಫ್., ಅಂದರೆ ಭವಿಷ್ಯ ನಿಧಿಯ ಕಡಿತ ನಮೂದಿಸಿದ ಮಾತ್ರಕ್ಕೆ ಯಾರಿಗೂ ನಂಬಿಕೆ ಬರುವುದಿಲ್ಲವೆಂದು ನನಗೆ ಅಂದು ತಿಳಿಯಿತು.

ಸಂಜೆ ಅವರ ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆ) ಜಗಲಿಯಲ್ಲಿ ಕುಳಿತು, ತಿಂಗಳ ಕೂಲಿ 10,000 ರೂಪಾಯಿ ಎಂದಿಟ್ಟುಕೊಂಡು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದೆ. ಶೇ. 12ರಂತೆ ಅವರಿಂದ ಹಿಡಿಯುವುದು 1,200. ತೋಟದವರು ಸೇರಿಸುವುದೂ 1,200, ಅದರಲ್ಲಿ 833 ಪಿಂಚಣಿ ನಿಧಿಗೆ ಹೋಗಿ 367 ಅವರ ಪಿ.ಎಫ್. ಖಾತೆಗೆ ಬೀಳುತ್ತದೆ. "ಹಾಗಾದರೆ ನನ್ನ ಖಾತೆಗೆ 1,567" ಎಂದು ಅವರೇ ಕೂಡಿ ಹೇಳಿದರು. ಮಗನ ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು ಹಿಂದಿನ ತಿಂಗಳುಗಳ ಜಮೆಯನ್ನು ಓದಿ ಹೇಳಿದ ಮೇಲೆ, ಪಕ್ಕದ ಮನೆಯವರೂ ಆಧಾರ್ ಹಿಡಿದು ಬಂದರು.

ಆಧಾರ್‌ನಿಂದಲೇ ನಿಜವಾದ ತೊಡಕು ಶುರುವಾಯಿತು. ಹುಟ್ಟಿದ ದಿನಾಂಕ ತಿಳಿಯದ ಅನೇಕರಿಗೆ ಜನವರಿ 1 ಎಂದು ನಮೂದಾಗಿತ್ತು. ತೋಟದ ದಾಖಲೆಯಲ್ಲಿ ಮತ್ತೊಂದು ದಿನಾಂಕ, ಹೆಸರಿನ ಅಕ್ಷರಗಳಲ್ಲೂ ವ್ಯತ್ಯಾಸ. ಇಬ್ಬರಿಗಂತೂ ಹಿಂದಿನ ತೋಟದಲ್ಲಿ ಒಂದು, ನಮ್ಮಲ್ಲಿ ಒಂದು ಎಂದು ಎರಡು ಯು.ಎ.ಎನ್. (ಪಿ.ಎಫ್. ಸದಸ್ಯರ ಗುರುತಿನ ಸಂಖ್ಯೆ) ಇದ್ದವು. ಕಾರ್ಮಿಕ ಮತ್ತು ಮಾಲೀಕ ಜಂಟಿಯಾಗಿ ಸಹಿ ಮಾಡುವ ಘೋಷಣಾ ಪತ್ರವನ್ನು ಒಬ್ಬೊಬ್ಬರಿಗೂ ಸಿದ್ಧಪಡಿಸಿ, ಹಳೆಯ ಖಾತೆಗಳನ್ನು ಈಗಿನದಕ್ಕೆ ವರ್ಗಾಯಿಸುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು.

ತೋಟ ಬಿಟ್ಟು ಹೋಗುವವರಿಗೆ ನಾನು ಒತ್ತಿ ಹೇಳುತ್ತಿದ್ದುದು ಪಿಂಚಣಿಯ ಮಾತು. ಹತ್ತು ವರ್ಷ ಸೇವೆ ಪೂರೈಸಿದವರಿಗೆ 58ನೇ ವಯಸ್ಸಿನಿಂದ ಮಾಸಿಕ ಪಿಂಚಣಿ ಸಿಗುತ್ತದೆ. ಅದಕ್ಕಿಂತ ಕಡಿಮೆ ಸೇವೆಯಲ್ಲಿ ಪಿಂಚಣಿ ಹಣವನ್ನು ಹಿಂಪಡೆದರೆ ಕೂಡಿದ ವರ್ಷಗಳು ಲೆಕ್ಕದಿಂದ ಅಳಿಯುತ್ತವೆ. ಹಣದ ಬದಲು ಯೋಜನಾ ಪ್ರಮಾಣಪತ್ರ ಪಡೆದರೆ ಮುಂದಿನ ಕೆಲಸದ ಅವಧಿಗೆ ಅವು ಸೇರುತ್ತವೆ. ಮಗಳ ಮದುವೆ, ಆಸ್ಪತ್ರೆ ಖರ್ಚು ಎದುರಿಗಿರುವಾಗ ಈ ಮಾತು ಕಿವಿಗೆ ಬೀಳುವುದು ಕಷ್ಟ, ಅವರನ್ನು ದೂರುವ ಹಾಗೂ ಇಲ್ಲ.

ಸದಸ್ಯರು ತೀರಿಕೊಂಡರೆ ಹಣ ಯಾರಿಗೆ ಸೇರಬೇಕೆಂದು ತಿಳಿಸುವ ನಾಮನಿರ್ದೇಶನವನ್ನು ನಾನೇ ಕಡೆಗಣಿಸಿದ್ದೆ. ಮದುವೆಗೆ ಮುನ್ನ ಮಾಡಿದ್ದು ಮದುವೆಯಾದೊಡನೆ ಅಸಿಂಧುವಾಗುತ್ತದೆ. ಆ ಹಿರಿಯ ಕೆಲಸಗಾರ್ತಿಯ ಕಡತದಲ್ಲಿ ತೀರಿಹೋದ ತಾಯಿಯ ಹೆಸರೇ ಉಳಿದಿತ್ತು. ಈಗ ಮಗನ ಹೆಸರಿದೆ. ಇನ್ನು ಮೂವರದು ಬಾಕಿ ಇದ್ದು, ಕೊಯ್ಲಿನ ಕೆಲಸ ಶುರುವಾಗುವ ಮೊದಲು ಮುಗಿಸಬೇಕಾಗಿದೆ.