ಅರ್ಧ ಗಂಟೆಗೊಂದು ರಹಸ್ಯ: ಜಪಸರ ಹಿಡಿದು ಹಾಸಿಗೆ ಹುಣ್ಣು ನಿಲ್ಲಿಸಿದ ನನ್ನ ಅನುಭವ

ಹತ್ತಿರ ಹತ್ತಿರ ನಾಲ್ಕು ವರ್ಷ ಆಯ್ತು, ನನಗೆ ಒಂದು ಹಾಸಿಗೆ ಹುಣ್ಣೂ ಆಗಿಲ್ಲ. ಸಿ6 ಮಟ್ಟದಲ್ಲಿ, ಅಂದರೆ ಕುತ್ತಿಗೆಯ ಹತ್ತಿರ, ಬೆನ್ನುಹುರಿಗೆ ಪೆಟ್ಟಾದವನು, ಎದೆಯಿಂದ ಕೆಳಗೆ ಮುಟ್ಟಿದರೂ ಗೊತ್ತಾಗದವನು, ಅದೂ ತೀರ್ಥಹಳ್ಳಿಯಿಂದ ಆಗುಂಬೆ ಕಡೆಯ ಮಳೆಯಲ್ಲಿ ಬದುಕುವವನು ಈ ಮಾತು ಹೇಳಿದರೆ ಅದರ ಬೆಲೆ ಏನು ಅಂತ ಗಾಲಿಕುರ್ಚಿಯಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಕಾರಣ ಜಪಸರ, ಅಂದರೆ ನಾವು ಕ್ಯಾಥೊಲಿಕರು ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆ, ಎಂದರೆ ನನ್ನ ಫಿಸಿಯೋ ನಂಬಿರಲಿಲ್ಲ. ನಮ್ಮ ಚರ್ಚಿನ ಹಿರಿಯರೊಬ್ಬರು, "ದೇವರ ಹೆಸರನ್ನು ಅಲಾರಾಂ ಮಾಡ್ಕೊಂಡ್ಯಲ್ಲ ಮಾರಾಯ" ಎಂದು ಬೇಜಾರು ಮಾಡಿಕೊಂಡಿದ್ದರು. ಈಗ ಇಬ್ಬರೂ ಬೇರೆಯವರಿಗೆ ನನ್ನ ನಂಬರ್ ಕೊಡುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ನಾನು ಮಾಡಿದ್ದು ಇಷ್ಟು. ಕುರ್ಚಿಯಲ್ಲಿ ಕೂತಾಗ ಅರ್ಧ ಗಂಟೆಗೊಮ್ಮೆಯಾದರೂ ಪಕ್ಕಕ್ಕೆ ವಾಲಿ ಭಾರ ತಪ್ಪಿಸಬೇಕಲ್ವಾ? ಆ ವಾಲುವುದನ್ನೂ ಜಪಸರವನ್ನೂ ಒಂದೇ ಕೆಲಸ ಮಾಡಿಕೊಂಡೆ. ಒಂದು ಸಲ ವಾಲಿದರೆ ಒಂದು ರಹಸ್ಯ, ಅಂದರೆ ಯೇಸು, ಮಾತೆ ಮರಿಯಾ ಇವರ ಬದುಕಿನ ಒಂದು ಘಟನೆ ಧ್ಯಾನಿಸುತ್ತಾ ಹತ್ತು ಸಲ 'ನಮೋ ಮರಿಯಾ' ಪ್ರಾರ್ಥನೆ ಹೇಳುವ ಒಂದು ಸುತ್ತು. ಹತ್ತನೆಯ 'ನಮೋ ಮರಿಯಾ' ಮುಗಿಯುವವರೆಗೆ ನೇರ ಆಗುವ ಹಾಗಿಲ್ಲ.

ಅಡಿಕೆ ಮರಕ್ಕೆ ಮದ್ದು ಹೊಡೆಯಲು ಹತ್ತಿ ಬಿದ್ದವನು ನಾನು. ನಮ್ಮ ಕಡೆ ಇದು ಹೊಸ ಕಥೆಯಲ್ಲ, ವಿವರ ಬಿಡುತ್ತೇನೆ. ಪೆಟ್ಟಾದ ವರ್ಷ ಕಾಟ್ಪಾಡಿಗೆ ರೈಲಿನಲ್ಲಿ ಹೋಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರ (ಸಿ.ಎಂ.ಸಿ.) ಬಾಗಾಯಂ ಪುನರ್ವಸತಿ ಕೇಂದ್ರದಲ್ಲಿ ಮೂರು ತಿಂಗಳ ಹತ್ತಿರ ಇದ್ದೆ. ವಾಲುವುದು, ತಿರುಗುವುದು, ಮೂತ್ರದ ಕೊಳವೆ ನೋಡಿಕೊಳ್ಳುವುದು ಎಲ್ಲ ಅಲ್ಲೇ ಕಲಿತದ್ದು. ಆ ಕೇಂದ್ರ ಶುರು ಮಾಡಿದ ಡಾಕ್ಟರ್ ಮೇರಿ ವರ್ಗೀಸ್ ಅವರೇ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಆಮೇಲೂ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. 1966ರಲ್ಲಿ ಆ ಕೇಂದ್ರ ತೆರೆಯಿತು. ನಾನು ಅಲ್ಲಿದ್ದಾಗ ರಾತ್ರಿ ನಿದ್ದೆ ಬಾರದಿದ್ದರೆ ಅವರನ್ನೇ ನೆನೆಯುತ್ತಿದ್ದೆ. ಅವರು ವಾಸಿಯಾಗಿ ಎದ್ದು ನಡೆಯಲಿಲ್ಲ. ಆದರೂ ಅವರ ವಿಶ್ವಾಸ ಸಾಲದು ಎಂದು ಯಾರು ಹೇಳಿಯಾರು?

ನನಗೆ ಹಾಗೆ ಹೇಳಿದವರು ಇದ್ದರು. ಊರಿಗೆ ಬಂದ ಮೇಲೆ ನೆಂಟರೊಬ್ಬರ ಒತ್ತಾಯಕ್ಕೆ ದೂರದ ಒಂದು ಪ್ರಾರ್ಥನಾ ಕೂಟಕ್ಕೆ ಟ್ಯಾಕ್ಸಿ ಮಾಡಿ ಹೋದೆವು. ಎಂಟೊಂಬತ್ತು ಸಾವಿರ ಆಯಿತು. ಹೋಗುವಾಗ ಆರು ಗಂಟೆ, ಬರುವಾಗ ಆರು ಗಂಟೆ, ನಡುವೆ ಇಡೀ ದಿನ ಪ್ಲಾಸ್ಟಿಕ್ ಕುರ್ಚಿ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದವರು ಕೊನೆಗೆ, ವಿಶ್ವಾಸ ಪೂರ್ತಿ ಇದ್ದರೆ ಏಳುತ್ತಿದ್ದೆ ಎಂದರು. ಮನೆಗೆ ಬಂದು ಬಟ್ಟೆ ಬಿಚ್ಚಿದಾಗ ಬಲಗಡೆ ಕೂರುವ ಮೂಳೆಯ ಮೇಲೆ ಕರಿಮಚ್ಚೆ. ಹೆಂಡತಿ ಫೋನಿನ ಟಾರ್ಚ್ ಹಿಡಿದು ನೋಡಿ ಸುಮ್ಮನೆ ಕೂತುಬಿಟ್ಟಳು. ಅದು ಒಳಗೊಳಗೇ ಹರಡಿ, ಎರಡು ಬೆರಳು ಹೋಗುವಷ್ಟು ಗುಂಡಿಯಾಗಿ, ಕೊನೆಗೆ ಪಕ್ಕದ ಮಾಂಸ ತಿರುಗಿಸಿ ಮುಚ್ಚುವ ಆಪರೇಷನ್ ಆಯಿತು. ಒಂದೂ ಮುಕ್ಕಾಲು ಲಕ್ಷದ ಹತ್ತಿರ ಹೋಯಿತು. ಸೊಸೈಟಿ ಸಾಲ, ಬಳೆ ಅಡ, ಚಿಕ್ಕಪ್ಪನ ಹತ್ತಿರ ಕೈಗಡ. ಒಂದೂವರೆ ತಿಂಗಳು ಬೋರಲು ಮಲಗಿದ್ದೆ.

ಬೋರಲು ಮಲಗಿದವನಿಗೆ ಓದಲು ಪುರುಸೊತ್ತು ಜಾಸ್ತಿ. ಹುಟ್ಟು ಕುರುಡನನ್ನು ಕಂಡು ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳುತ್ತಾರೆ, ಯೇಸು ಇಬ್ಬರೂ ಅಲ್ಲ ಎನ್ನುತ್ತಾರೆ. ಪೌಲ ತನ್ನ ಮೈಯಲ್ಲಿ ಚುಚ್ಚುವುದನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು, ಕಂಡ ಹೊರತು ನಂಬೆನೆಂದ ಶಿಷ್ಯ ತೋಮನ ಭಾಗ. ಸಾವನ್ನು ಗೆದ್ದು ಎದ್ದ ಮೇಲೂ ಪ್ರಭುವಿನ ಮೈಮೇಲೆ ಗಾಯ ಹಾಗೇ ಇತ್ತು. ಅದನ್ನೇ ಮುಟ್ಟಿ ನೋಡು ಅಂದರು. ಅವತ್ತಿನಿಂದ ಗಾಯ ಇದೆ ಅಂದರೆ ದೇವರು ಇಲ್ಲ ಎನ್ನುವ ಲೆಕ್ಕ ನಮ್ಮ ಮನೆಯಲ್ಲಿ ಬಂದ್ ಆಯಿತು. ಇನ್ನು ಉಳಿದದ್ದು, ಹೊಸ ಗಾಯ ಆಗದ ಹಾಗೆ ಏನು ಮಾಡೋದು ಅನ್ನುವುದು.

ಮೊದಲು ಎಲ್ಲರಂತೆ ಫೋನಿನಲ್ಲಿ ಅಲಾರಾಂ ಇಟ್ಟೆ. ಒಂದು ತಿಂಗಳೂ ಬಾಳಲಿಲ್ಲ. ಹೊಡೆದುಕೊಂಡಾಗಲೆಲ್ಲ ಯಾರೋ ಒಬ್ಬರು ನಿಲ್ಲಿಸುತ್ತಾರೆ, ನಾನು ಮಾತಿನಲ್ಲಿ ಇರುತ್ತೇನೆ, ಮುಗೀತು. ಆಮೇಲೆ ಗಾಳಿ ಗುಳ್ಳೆಗಳ ಕುಶನ್ ತರಿಸಿದೆ, ಮೂವತ್ತು ಸಾವಿರದ ಮೇಲೆ. ಒಳ್ಳೆಯ ವಸ್ತು, ಇವತ್ತಿಗೂ ಅದರ ಮೇಲೇ ಕೂರುತ್ತೇನೆ. ಆದರೆ ಕುಶನ್ ಇದೆ ಅನ್ನುವ ಧೈರ್ಯಕ್ಕೆ ಮನೆಯವರೆಲ್ಲ ವಾಲಿಸುವುದನ್ನೇ ಬಿಟ್ಟರು. ಆ ಮಳೆಗಾಲದಲ್ಲಿ ಕವರ್ ಒಣಗದೆ ಚರ್ಮ ಬೆಂದಂತಾಗಿ ಮತ್ತೆ ಸುಲಿಯಿತು. ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಸ್ಥಳೀಯವಾಗಿ ಒಂದು ಕುಶನ್ ಮಾಡಿಸಿಯೂ ನೋಡಿದೆ. ಆರೇಳು ನೂರಕ್ಕೆ ಆಯಿತು. ವಾಲಿದರೆ ಜಾರುತ್ತದೆ, ಕೈಬಿಟ್ಟೆ. ಕವರ್ ಮಾತ್ರ ಈಗ ಮೂರು ಇಟ್ಟುಕೊಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಬಚ್ಚಲೊಲೆಯ ಮೇಲಿನ ಗಳುವಿನಲ್ಲೇ ಇರುತ್ತವೆ. ನೀವು ಮಾತ್ರ ಒಲೆಯ ಹತ್ತಿರ ಕಾಲು ಚಾಚಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಜಪಸರದ ಯೋಚನೆ ಬಂದದ್ದು ಅಮ್ಮನಿಂದ. ಸಂಜೆ ಕೊಂಕಣಿಯಲ್ಲಿ ತೇರ್ಸ್ (ಜಪಸರ) ಹೇಳುವಾಗ ಒಂದು ರಹಸ್ಯಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಫೋನಿನಲ್ಲಿ ಅಳೆದೆ. ಎರಡೂವರೆಯಿಂದ ಮೂರು ನಿಮಿಷ. ವಾಲಿದಾಗ ರಕ್ತ ಮತ್ತೆ ಓಡಾಡಲು ಎರಡು ನಿಮಿಷವಾದರೂ ಬೇಕು ಎಂದು ಬಾಗಾಯಂನಲ್ಲಿ ಹೇಳಿದ್ದರು. ಸರಿಯಾಗಿ ಕೂಡಿ ಬಂತು. ಮನಸ್ಸಿನಲ್ಲೇ ಹೇಳಿ ನೋಡಿದೆ, ಒಂದೂವರೆ ನಿಮಿಷಕ್ಕೇ ಮುಗಿಯುತ್ತದೆ. ಹಾಗಾಗಿ ಬಾಯಿಬಿಟ್ಟು ಹೇಳಲೇಬೇಕು, ಇದು ನಿಯಮ.

ಇನ್ನೊಂದು ಲೆಕ್ಕ ನೋಡಿ. ನಾನು ಕುರ್ಚಿಯಲ್ಲಿರುವುದು ಬೆಳಿಗ್ಗೆ ಎಂಟರಿಂದ ಒಂದರವರೆಗೆ, ಮತ್ತೆ ಮೂರರಿಂದ ಎಂಟರವರೆಗೆ. ಹತ್ತು ಗಂಟೆ, ಅರ್ಧ ಗಂಟೆಗೊಂದರಂತೆ ಇಪ್ಪತ್ತು ಸಲ. ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಬೆಳಕಿನ ರಹಸ್ಯಗಳನ್ನು ಸೇರಿಸಿದ ಮೇಲೆ ಪೂರ್ತಿ ಜಪಸರಕ್ಕೆ ಇಪ್ಪತ್ತು ರಹಸ್ಯ. ಬೆಳಿಗ್ಗೆ ಸಂತೋಷದ ರಹಸ್ಯಗಳಿಂದ ಶುರು ಮಾಡಿದರೆ ರಾತ್ರಿ ಇಳಿಯುವ ಹೊತ್ತಿಗೆ ಕೊನೆಯ ರಹಸ್ಯವಾದ ಮಾತೆಯ ಕಿರೀಟಧಾರಣೆ ಮುಗಿದಿರಬೇಕು. ಮುಗಿದಿಲ್ಲ ಅಂದರೆ ಎಷ್ಟು ಸಲ ವಾಲಿಲ್ಲ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಇದನ್ನು ಹೇಳಿದಾಗಲೇ ಫಿಸಿಯೋ ಮೊದಲ ಸಲ ಪೆನ್ನು ತೆಗೆದು ಬರೆದುಕೊಂಡರು.

ಹೊತ್ತು ತಿಳಿಸಲು ಅಜ್ಜನ ಕಾಲದ ಗಂಟೆ ಹೊಡೆಯುವ ಗಡಿಯಾರ ಇದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ರಿಪೇರಿ ಮಾಡಿಸಿದೆ, ಮುನ್ನೂರೈವತ್ತೋ ನಾನೂರೋ ಆಯಿತು. ಅರ್ಧ ಗಂಟೆಗೊಂದು ಪೆಟ್ಟು. ನಮ್ಮಲ್ಲಿ ಮಳೆಗೆ ಕರೆಂಟು ಎರಡು ಮೂರು ದಿನ ಹೋದರೂ ಅದಕ್ಕೆ ಕೀ ಕೊಟ್ಟರೆ ಸಾಕು.

ಮಣಿಯ ವಿಷಯಕ್ಕೆ ಬಹಳ ಒದ್ದಾಡಿದೆ. ನನ್ನ ಹೆಬ್ಬೆರಳಿಗೆ ಸ್ಪರ್ಶ ಇದೆ, ಹಿಡಿಯುವ ಬಲ ಇಲ್ಲ. ಮಣಿಕಟ್ಟು ಎತ್ತಬಲ್ಲೆ ಅಷ್ಟೆ. ಸಾಮಾನ್ಯ ಜಪಸರ ಜಾರಿ ಗಾಲಿಗೆ ಸುತ್ತಿಕೊಂಡಿತು. ಗೋಟಡಿಕೆಗೆ ತೂತು ಹಾಕಿ ಪೋಣಿಸಿದೆ, ಆಷಾಢದಲ್ಲಿ ಬೂಷ್ಟು ಹಿಡಿಯಿತು. ಕೊನೆಗೆ ಸಾಗರದ ಗುಡಿಗಾರರೊಬ್ಬರ ಹತ್ತಿರ ಹಲಸಿನ ಮರದ ಚೂರುಗಳಲ್ಲಿ ಗೋಲಿ ಗಾತ್ರದ ಮಣಿ ಮಾಡಿಸಿದೆ. ಗಂಧದಲ್ಲಿ ದೇವರ ಮೂರ್ತಿ ಕೆತ್ತುವ ಕೈ, ನನ್ನ ಮಣಿಗಳನ್ನೂ ಅಷ್ಟೇ ನಯವಾಗಿ ಉಜ್ಜಿಕೊಟ್ಟಿತು. ಹತ್ತು ಮಣಿಯನ್ನು ಸೈಕಲ್ ಕಡ್ಡಿಗೆ ಪೋಣಿಸಿ ಕುರ್ಚಿಯ ಕೈಪಟ್ಟಿಗೆ ಕಟ್ಟಿದ್ದೇನೆ. ಎಡಕ್ಕೊಂದು, ಬಲಕ್ಕೊಂದು. ಬಲಗೈಯನ್ನು ಹಿಂದಿನ ಹಿಡಿಗೆ ಸಿಕ್ಕಿಸಿ ಎಡಕ್ಕೆ ವಾಲುತ್ತೇನೆ, ಎಡ ಹೆಬ್ಬೆರಳಿನ ಪಕ್ಕದಿಂದ ಮಣಿ ತಳ್ಳುತ್ತೇನೆ. ಮುಂದಿನ ರಹಸ್ಯಕ್ಕೆ ಬಲಗಡೆ. ಮರ ತಣ್ಣಗೆ, ನಯವಾಗಿ ತಾಗುತ್ತದೆ. ಅಷ್ಟು ಮೈಯಲ್ಲಿ ಸ್ಪರ್ಶ ಉಳಿದಿರುವ ಜಾಗಕ್ಕೆ ಪ್ರಾರ್ಥನೆ ಬಂದು ತಾಗುವುದು ದೊಡ್ಡ ಭಾಗ್ಯ. ಎರಡು ಕಡ್ಡಿಗೂ ಸೇರಿ ಆರುನೂರರ ಒಳಗೆ ಮುಗಿಯಿತು. ವಾಲಿದಾಗ ಮಣಿಗಳು ತಾವಾಗಿ ಜಾರದ ಹಾಗೆ ಕಡ್ಡಿಗೆ ಏನು ಮಾಡಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬನ್ನಿ, ತೋರಿಸುತ್ತೇನೆ.

ಆದರೂ ಇದು ಕಚ್ಚಿಕೊಂಡದ್ದು ಮಣಿಯಿಂದಲ್ಲ, ಹೆಸರುಗಳಿಂದ. ನಿನ್ನ ಚರ್ಮಕ್ಕೋಸ್ಕರ ವಾಲು ಅಂದರೆ ನನಗೆ ಉದಾಸೀನ. ಪ್ರತಿ ರಹಸ್ಯವನ್ನೂ ಒಬ್ಬರ ಹೆಸರಿಗೆ ಒಪ್ಪಿಸಲು ಶುರು ಮಾಡಿದ ಮೇಲೆ ಬಿಡಲು ಮನಸ್ಸೇ ಬರಲಿಲ್ಲ. ಹನ್ನೊಂದೂವರೆಯದ್ದು ಪಕ್ಕದ ಮನೆ ಹುಡುಗಿಯ ಪಿಯುಸಿ ಪರೀಕ್ಷೆಗೆ ಎಂದು ಮಾತು ಕೊಟ್ಟ ಮೇಲೆ ತಪ್ಪಿಸುವುದು ಹೇಗೆ? ಹೆಂಡತಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಬೆಳಿಗ್ಗೆ ಇಪ್ಪತ್ತು ಹೆಸರು ಓದಿ ಹೇಳುತ್ತಾಳೆ. ಊರಿನವರಿಗೆಲ್ಲ ಇದು ಗೊತ್ತಾಗಿದೆ. ಅಡಿಕೆಗೆ ಕೊಳೆ ರೋಗ ಬರುವ ಹೊತ್ತಿನಲ್ಲಿ ತೋಟದವರು ಬೇಲಿಯಾಚೆಯಿಂದಲೇ, "ಎರಡು ದಿನ ಮಳೆ ಹೊಳವಾಗಲಿ ಅಂತ ನಿಮ್ಮ ದೇವರಿಗೆ ಹೇಳಿ ಮಾರಾಯ್ರೇ, ಮದ್ದು ಹೊಡೀಬೇಕು" ಅನ್ನುತ್ತಾರೆ. ಅವರನ್ನೂ ಬರೆದುಕೊಳ್ಳುತ್ತೇವೆ. ಮರ ಹತ್ತುವವರ ಹೆಸರಿಗೆ ದಿನಕ್ಕೊಂದು ರಹಸ್ಯ ಖಾಯಂ.

ಪ್ರಾರ್ಥನೆ ಯಂತ್ರದಂತಾಗುತ್ತದೆ ಎಂದ ಹಿರಿಯರಿಗೆ ನಾನು ಕೊಟ್ಟ ಉತ್ತರ ಇದು. ದಾನಿಯೇಲ ದಿನಕ್ಕೆ ಮೂರು ಹೊತ್ತು ಕಿಟಕಿ ತೆರೆದು ಮೊಣಕಾಲೂರುತ್ತಿದ್ದ. ತ್ರಿಕಾಲ ಪ್ರಾರ್ಥನೆಗೆ ಚರ್ಚಿನ ಗಂಟೆ ಆರಕ್ಕೆ, ಹನ್ನೆರಡಕ್ಕೆ, ಆರಕ್ಕೆ ಹೊಡೆಯುತ್ತದೆ. ನನಗೆ ಮೊಣಕಾಲೂರಲು ಆಗುವುದಿಲ್ಲ, ವಾಲಲು ಆಗುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಮೊಮ್ಮಗನ ಹೆಸರು ಬರೆಸಿ ಹೋದರು.

ಒಂದು ಎಚ್ಚರಿಕೆ. ವಾಲುವಾಗ ಮೂತ್ರದ ಕೊಳವೆ ತೊಡೆಯ ಅಡಿಗೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಭಾನುವಾರದ ಪೂಜೆಯ ನಡುವೆ ನನಗೆ ತಲೆ ಸಿಡಿದು, ಮುಖ ಕೆಂಪಾಗಿ, ಹಣೆಯಿಂದ ಬೆವರು ಇಳಿಯಿತು. ಪಕ್ಕದಲ್ಲಿದ್ದ ಬಾಯಮ್ಮ ಪವಿತ್ರಾತ್ಮರು ಬಂದರು ಎಂದು ಕೈಮುಗಿದರು. ಹೆಂಡತಿಗೆ ಗೊತ್ತಾಯಿತು. ನನ್ನನ್ನು ನೇರ ಕೂರಿಸಿ ತೊಡೆ ಎತ್ತಿ ಕೊಳವೆ ಬಿಡಿಸಿದಳು. ಚೀಲಕ್ಕೆ ಮೂತ್ರ ಇಳಿದ ಮೇಲೆ ತಲೆನೋವು ಇಳಿಯಿತು. ಟಿ6ಕ್ಕಿಂತ, ಅಂದರೆ ಎದೆಯ ಮಟ್ಟದ ಬೆನ್ನುಹುರಿಗಿಂತ, ಮೇಲೆ ಪೆಟ್ಟಾದವರಿಗೆ ಹೀಗೆ ದಿಢೀರನೆ ಏರುವ ರಕ್ತದೊತ್ತಡ ಜೀವಕ್ಕೇ ಬರಬಹುದು. ಮೊದಲು ಕೊಳವೆ ನೋಡಿ, ಆಮೇಲೆ ಶಿಲುಬೆ ಗುರುತು.

ಬಾಯಿಬಿಟ್ಟು ಹೇಳಿದ್ದರಿಂದ ಇನ್ನೊಂದು ಲಾಭ ಸಿಕ್ಕಿತು. ಉಸಿರೆಳೆದು ಚೆಂಡು ಏಳಿಸುವ, ಶ್ವಾಸಕೋಶದ ವ್ಯಾಯಾಮದ ಮೂರು ಚೆಂಡಿನ ಆಟಿಕೆ ನಿಮ್ಮ ಮನೆಯಲ್ಲೂ ಇರುತ್ತದೆ. ಮೊದಲು ಒಂದು ಚೆಂಡು ಏಳುವುದೇ ಕಷ್ಟ ಇತ್ತು. 'ನಮೋ ಮರಿಯಾ'ದ ಮೊದಲರ್ಧವನ್ನು ಒಂದೇ ಉಸಿರಿಗೆ ಹೇಳುವ ಅಭ್ಯಾಸ ಮಾಡಿ ಏಳೆಂಟು ತಿಂಗಳಾದ ಮೇಲೆ ಎರಡನೆಯದೂ ಎದ್ದು ಸ್ವಲ್ಪ ನಿಲ್ಲುತ್ತದೆ. ಹಿಂದಿನ ಎರಡು ಮಳೆಗಾಲದಲ್ಲಿ ಕಫಕ್ಕೆ ಆಸ್ಪತ್ರೆ ಸೇರಿಲ್ಲ.

ರಾತ್ರಿಯದ್ದು ಹೆಂಡತಿಯ ಸೇವೆ, ನಾನು ಹೆಚ್ಚು ಹೇಳಬಾರದು. ಮೂರು ಗಂಟೆಗೊಮ್ಮೆ ಎದ್ದು ನನ್ನನ್ನು ತಿರುಗಿಸುತ್ತಾಳೆ, ಒಂದು ಕೀರ್ತನೆಯ ಎರಡು ಸಾಲು ಹೇಳಿ ಇಬ್ಬರೂ ಮಲಗುತ್ತೇವೆ. ಗಾಳಿ ಹಾಸಿಗೆಯ ಪಂಪ್ ತಿನ್ನುವುದು ಹತ್ತು ವ್ಯಾಟ್ ಒಳಗೆ. ಅದಕ್ಕೆ ದೊಡ್ಡ ಇನ್ವರ್ಟರ್ ಬೇಡ, ಹಳೆಯ ಕಂಪ್ಯೂಟರ್ ಯುಪಿಎಸ್ ಸಾಕು, ಮೂರು ಗಂಟೆ ಎಳೆಯುತ್ತದೆ. ನಾನು ಸೆಕೆಂಡ್ ಹ್ಯಾಂಡ್ ಸಾವಿರಕ್ಕೆ ತಂದೆ.

ಈಗ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಹೊಸದೊಂದು ನೋಡುತ್ತಿದ್ದೇನೆ. ಸೊಂಟದ ಕೀಲು ಮಡಚಿಕೊಳ್ಳದಿರಲು ದಿನಕ್ಕೆ ಅರ್ಧ ಗಂಟೆ ಬೋರಲು ಮಲಗಬೇಕಲ್ವಾ, ಆ ಹೊತ್ತಿಗೆ ಶಿಲುಬೆಯ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ಸಾಗಿದ್ದನ್ನು ಹಂತ ಹಂತವಾಗಿ ಧ್ಯಾನಿಸುವ ಪ್ರಾರ್ಥನೆ. ಹದಿನಾಲ್ಕು ಸ್ಥಳ, ಒಂದಕ್ಕೆ ಎರಡು ನಿಮಿಷ. ಪ್ರಭು ಮೂರು ಸಲ ನೆಲಕ್ಕೆ ಬೀಳುವುದನ್ನು ಮುಖ ಕೆಳಗೆ ಮಾಡಿ ಧ್ಯಾನಿಸುವುದು ಬೇರೆಯೇ ಅನುಭವ. ಸದ್ಯಕ್ಕೆ ಮೂರನೆಯ ಬೀಳುವಿಕೆ, ಅಂದರೆ ಒಂಬತ್ತನೆಯ ಸ್ಥಳ ಬರುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಎದೆಯ ಕೆಳಗಿನ ದಿಂಬು ತೆಗೆದು ಟವೆಲ್ ಸುರುಳಿ ಇಟ್ಟು ಬರುವ ಶುಕ್ರವಾರ ನೋಡುತ್ತೇನೆ.