ಫರ್ಮೆಂಟರ್ ಹುಳಿ ತಿರುಗದಂತೆ ಕಾಯುವುದು ಹೇಗೆ? ಆ್ಯಂಟಿಬಯೋಟಿಕ್ ಡಬ್ಬಿ ಮುಟ್ಟದೆ

ಹಾವೇರಿ ಕಡೆಯ ಒಂದು ಎಥನಾಲ್ ಘಟಕದ ಲ್ಯಾಬ್‌ನಲ್ಲಿ ನಾನು ಕೆಲಸಕ್ಕಿದ್ದಾಗ, ರಾತ್ರಿ ಪಾಳಿಯ ಆಪರೇಟರ್ ಕಾಕಾ ಒಬ್ಬರು ಮೂಗಿನಿಂದಲೇ ಫರ್ಮೆಂಟರ್, ಅಂದರೆ ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಟ್ಯಾಂಕ್, ಪರೀಕ್ಷೆ ಮಾಡುತ್ತಿದ್ದರು. ಸ್ಯಾಂಪಲ್ ಬಾಟಲಿ ಮೂಸಿ, ‘ಸರ, ಇದು ಬ್ರೆಡ್ ವಾಸನಿ ಅಲ್ಲ, ಹಳೇ ಮಜ್ಜಿಗಿ ವಾಸನಿ’ ಅಂದರೆ ಸಾಕು. ಆರೇಳು ತಾಸು ಕಳೆದ ಮೇಲೆ ಆಮ್ಲ ಅಳೆಯುವ ನನ್ನ ಟೈಟ್ರೇಶನ್ ಕೂಡ ಅದನ್ನೇ ಹೇಳುತ್ತಿತ್ತು.

ಆ ಮಜ್ಜಿಗೆ ವಾಸನೆ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾದ್ದು. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದಾಗ ಕೆಲಸ ಮಾಡುವುದು ಇದರ ಬಳಗವೇ. ಅಲ್ಲಿ ಬೇಕು, ಇಲ್ಲಿ ಬೇಡ. 100 ಕೆ.ಜಿ. ಗ್ಲುಕೋಸ್‌ನಿಂದ ಯೀಸ್ಟ್ ಹೆಚ್ಚೆಂದರೆ 51 ಕೆ.ಜಿ. ಆಲ್ಕೋಹಾಲ್ ಮಾಡುತ್ತದೆ. ಬ್ಯಾಕ್ಟೀರಿಯಾ ತಿಂದ ಸಕ್ಕರೆ ಆ ಲೆಕ್ಕದಿಂದಲೇ ಹೋಯಿತು. ಸಾಲದ್ದಕ್ಕೆ ಅದು ಬಿಡುವ ಆಮ್ಲ ಯೀಸ್ಟನ್ನೇ ಸುಸ್ತು ಮಾಡುತ್ತದೆ. ಅಸಿಟಿಕ್ ಆಮ್ಲ ಶೇ 0.05, ಲ್ಯಾಕ್ಟಿಕ್ ಆಮ್ಲ ಶೇ 0.2 ದಾಟುತ್ತಿದ್ದಂತೆ ಯೀಸ್ಟ್ ಬೆಳೆಯುವ ವೇಗ ಕುಗ್ಗತೊಡಗುತ್ತದೆ.

ಬಹಳ ಕಡೆ ಇದಕ್ಕೆ ಪೆನಿಸಿಲಿನ್, ವರ್ಜಿನಿಯಾಮೈಸಿನ್‌ನಂಥ ಆ್ಯಂಟಿಬಯೋಟಿಕ್ ಔಷಧ ಸುರಿಯುತ್ತಾರೆ. ಯೀಸ್ಟ್ ಶಿಲೀಂಧ್ರ, ಅದಕ್ಕೇನೂ ಆಗುವುದಿಲ್ಲ, ಬ್ಯಾಕ್ಟೀರಿಯಾ ಸಾಯುತ್ತದೆ. ಸುಲಭ, ಅಲ್ವಾ? ಆದರೆ ಗೋವಿನಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಗಷ್ಟು ಒಣಗಿ ಡಿಡಿಜಿಎಸ್ ಹೆಸರಲ್ಲಿ ದನಕ್ಕೆ, ಕೋಳಿಗೆ ಹೋಗುತ್ತದೆ. ಭಟ್ಟಿ, ಡ್ರೈಯರ್ ಬಿಸಿಗೆ ಎಲ್ಲ ಔಷಧವೂ ಪೂರ್ತಿ ನಾಶವಾಗುತ್ತದೆ ಅನ್ನುವಂತಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟುವುದು ಇನ್ನೊಂದು ತಲೆನೋವು. ನನ್ನ ತಕರಾರು ಮಾತ್ರ ಬೇರೆ: ಔಷಧ ಹಾಕಿದರೆ ಹೊಲಸು ಎಲ್ಲಿದೆ ಅಂತ ಯಾರೂ ಹುಡುಕುವುದಿಲ್ಲ.

ಮೊದಲು ಎಲ್ಲಿಂದ ಬಂತು ನೋಡಿ

ಹುಳಿಯಾದ ಟ್ಯಾಂಕನ್ನೇ ನೋಡುತ್ತ ಕೂರಬೇಡಿ. ಹಿಟ್ಟು ನೀರನ್ನು ಉಗಿಯಿಂದ ಬೇಯಿಸುವ ಜೆಟ್ ಕುಕ್ಕರ್ ದಾಟಿದ ಮೇಲೆ, ಅದನ್ನು ತಣಿಸುವ ಕೂಲರ್ ದಾಟಿದ ಮೇಲೆ, ಯೀಸ್ಟ್ ಬೆಳೆಸುವ ಟ್ಯಾಂಕ್‌ನಲ್ಲಿ, ಕೊನೆಗೆ ಫರ್ಮೆಂಟರ್‌ನಲ್ಲಿ, ಹೀಗೆ ನಾಲ್ಕು ಕಡೆ ಸ್ಯಾಂಪಲ್ ತೆಗೆಯಿರಿ. 100 ಡಿಗ್ರಿ ದಾಟಿದ ಕುಕ್ಕರ್‌ನಲ್ಲಿ ಲ್ಯಾಕ್ಟೊಬ್ಯಾಸಿಲಸ್ ಬದುಕುವುದಿಲ್ಲ. ಹಾಗಾದರೆ ಅದು ಸೇರಿಕೊಂಡಿದ್ದು ತಣಿದ ಮೇಲೆಯೇ. 400 ಪಟ್ಟು ದೊಡ್ಡದು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟ್ ನೆನೆದ ಸಾಬೂದಾನಿ ಹಾಗೆ, ಬ್ಯಾಕ್ಟೀರಿಯಾ ಮುರಿದ ಶಾವಿಗೆ ಚೂರಿನ ಹಾಗೆ ಕಾಣುತ್ತದೆ. ಮೆಥಿಲೀನ್ ಬ್ಲೂ ಒಂದು ಹನಿ ಹಾಕಿದರೆ ಸತ್ತ ಯೀಸ್ಟ್ ನೀಲಿ ಆಗುತ್ತದೆ. ಜೀವಂತ ಯೀಸ್ಟ್‌ಗೆ ಬಣ್ಣ ಹಿಡಿಯುವುದಿಲ್ಲ.

ನಮ್ಮಲ್ಲಿ ಹೀಗೆ ಹುಡುಕುತ್ತ ಹೋದಾಗ ಸಿಕ್ಕಿದ್ದು ಕೂಲರ್ ಪಕ್ಕದ ಒಂದು ಹಳೇ ಪೈಪು. ಯಾವ ಕಾಲದಲ್ಲೋ ವಾಲ್ವ್ ಬಂದ್ ಮಾಡಿ ಹಾಗೇ ಬಿಟ್ಟಿದ್ದರು. ಮೊಳದುದ್ದದ ತುಂಡು, ಹರಿವೇ ಇಲ್ಲ. ಇಂಥದ್ದಕ್ಕೆ ಡೆಡ್ ಲೆಗ್ ಅನ್ನುತ್ತಾರೆ. ಪೈಪ್ ಜೋಡಿಸುವ ಫ್ಲ್ಯಾಂಜ್ ಬಿಚ್ಚಿದಾಗ ಬೆರಳಿಗೆ ಅಂಟುವ ಬೂದು ಲೋಳೆ, ಕಾಕಾ ಹೇಳಿದ ಅದೇ ಮಜ್ಜಿಗೆ ವಾಸನೆ. ಪ್ರತಿ ಬ್ಯಾಚಿಗೂ ಇಲ್ಲಿಂದಲೇ ಹೆಪ್ಪು ಬೀಳುತ್ತಿತ್ತು! ನಾವೋ ತಿಂಗಳುಗಟ್ಟಲೆ ಔಷಧ ಸುರಿದಿದ್ದೆವು. ಮರುದಿನ ವೆಲ್ಡರ್ ಬಂದು ಅದನ್ನು ಬುಡದಲ್ಲೇ ಕತ್ತರಿಸಿದ. ಕೂಲರ್ ಪ್ಲೇಟ್‌ಗಳ ಗ್ಯಾಸ್ಕೆಟ್ ಸಂದಿ, ಪಂಪ್ ಸೀಲ್, ಸ್ಯಾಂಪಲ್ ತೆಗೆಯುವ ನಳ, ಇವೂ ಇಂಥದೇ ಅಡಗುತಾಣ.

ತೊಳೆಯುವುದು

ಮೊದಲು ಬರೀ ನೀರು. ಆಮೇಲೆ ಶೇ 2ರಿಂದ 3ರ ಕಾಸ್ಟಿಕ್ ಸೋಡಾ ದ್ರಾವಣವನ್ನು ಸುಮಾರು 80 ಡಿಗ್ರಿ ಬಿಸಿಯಲ್ಲಿ ಅರ್ಧ ತಾಸಾದರೂ ತಿರುಗಿಸಿ. ಮತ್ತೆ ನೀರು. ಲೋಳೆ ಹಾಗೇ ಇದ್ದರೆ ಎಂಥ ಸೋಂಕುನಾಶಕ ಹಾಕಿಯೂ ಉಪಯೋಗವಿಲ್ಲ.

ಒಂದು ಎಚ್ಚರ. ಟ್ಯಾಂಕ್ ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿರುವಾಗಲೇ ಕಾಸ್ಟಿಕ್ ಹೊಡೆಯಬೇಡಿ. ಕಾಸ್ಟಿಕ್ ಆ ಅನಿಲವನ್ನು ಹೀರಿ ತನ್ನ ಬಲ ಕಳೆದುಕೊಳ್ಳುತ್ತದೆ. ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಟ್ಯಾಂಕೇ ಒಳಕ್ಕೆ ಕುಸಿಯಬಹುದು. ಅನಿಲ ಪರೀಕ್ಷೆ ಆಗದೆ, ಮೇಲೊಬ್ಬ ಕಾವಲಿಲ್ಲದೆ ಯಾರನ್ನೂ ಒಳಗೆ ಇಳಿಸಬೇಡಿ, ಸುಮ್ನೆ ಇಣುಕಿ ನೋಡುವುದಕ್ಕೂ ತಲೆ ಹಾಕಬೇಡಿ.

ಯೀಸ್ಟ್ ಕೈ ಮೇಲಾಗಲಿ

ಟ್ಯಾಂಕ್‌ನಲ್ಲಿ ಯಾರು ಮೊದಲು ಬೆಳೆಯುತ್ತಾರೋ ಅವರದೇ ರಾಜ್ಯ. ಒಣ ಯೀಸ್ಟನ್ನು 35ರಿಂದ 38 ಡಿಗ್ರಿ ನೀರಿನಲ್ಲಿ ನೆನೆಸಿ ಎಬ್ಬಿಸಿ, ತಣ್ಣೀರಿಗೆ ಸುರಿಯಬೇಡಿ. ಫರ್ಮೆಂಟರ್‌ನಲ್ಲಿ ಒಂದು ಮಿಲಿಲೀಟರ್‌ಗೆ ಒಂದು ಕೋಟಿಗಿಂತ ಕಡಿಮೆ ಯೀಸ್ಟ್ ಇಟ್ಟು ಶುರು ಮಾಡಬೇಡಿ. ಪಿಹೆಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.5ರ ಆಸುಪಾಸು ಇರಲಿ. ಬಿಸಿ 32 ಡಿಗ್ರಿ ಆದರೆ ಚೆಂದ.

ಬೇಸಿಗೆಯಲ್ಲಿ ನಮ್ಮ ಕಡೆ ಕೂಲಿಂಗ್ ಟವರ್ ನೀರೇ ಬೆಚ್ಚಗಿರುತ್ತದೆ, ಫರ್ಮೆಂಟರ್ 36, 37ಕ್ಕೆ ಏರುತ್ತದೆ. ಯೀಸ್ಟ್‌ಗೆ ಅದು ಸಂಕಟ, ಲ್ಯಾಕ್ಟೊಬ್ಯಾಸಿಲಸ್‌ಗೆ ಹಬ್ಬ. ಏಪ್ರಿಲ್‌ನಲ್ಲಿ ಔಷಧದ ಖರ್ಚು ಜಾಸ್ತಿ ಆಗುತ್ತಿದ್ದರೆ ಮೊದಲು ಕೂಲರ್ ಪ್ಲೇಟ್ ಬಿಚ್ಚಿ ತೊಳೆಸಿ.

ಕಾಕಂಬಿಗೆ ಆ್ಯಸಿಡ್ ಸ್ನಾನ

ಕಾಕಂಬಿ ಅಥವಾ ಕಬ್ಬಿನ ಹಾಲಿನಲ್ಲಿ ಇನ್ನೊಂದು ಅನುಕೂಲವಿದೆ. ಬ್ಯಾಚ್ ಮುಗಿದ ಮೇಲೆ ಸೆಪರೇಟರ್‌ನಿಂದ ಯೀಸ್ಟ್ ಬೇರೆ ಮಾಡಿ, ನೀರು ಬೆರೆಸಿ, ಗಂಧಕಾಮ್ಲ ಹಾಕಿ ಪಿಹೆಚ್ 2ರಿಂದ 2.5ಕ್ಕೆ ಇಳಿಸಿ ಒಂದೆರಡು ತಾಸು ಇಡುತ್ತಾರೆ. ಬಹಳಷ್ಟು ಬ್ಯಾಕ್ಟೀರಿಯಾ ಸಾಯುತ್ತದೆ, ಯೀಸ್ಟ್ ತಡೆದುಕೊಳ್ಳುತ್ತದೆ, ಅದೇ ಯೀಸ್ಟ್ ಮುಂದಿನ ಬ್ಯಾಚಿಗೆ. ಬ್ರೆಜಿಲ್‌ನ ಘಟಕಗಳಲ್ಲಿ ಇದು ದಿನನಿತ್ಯದ ಕೆಲಸ. ಹೆಚ್ಚು ಹೊತ್ತು ಇಟ್ಟರೆ ಯೀಸ್ಟೂ ಸೊರಗುತ್ತದೆ. ಗೋವಿನಜೋಳಕ್ಕೆ ಸಾಮಾನ್ಯವಾಗಿ ಈ ದಾರಿ ಇಲ್ಲ: ಹಿಟ್ಟಿನ ಗಷ್ಟಿನಿಂದ ಯೀಸ್ಟನ್ನು ಬೇರೆ ಮಾಡುವುದು ಬಲು ಕಷ್ಟ.

ಗೋವಿನಜೋಳದವರಿಗೆ ಹಾಪ್ಸ್ ಆಮ್ಲ ಇದೆ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಸಾರ ಅದು. ಲ್ಯಾಕ್ಟೊಬ್ಯಾಸಿಲಸ್‌ನ ಪೊರೆಗೇ ಪೆಟ್ಟು ಕೊಡುತ್ತದೆ, ಯೀಸ್ಟನ್ನು ಮುಟ್ಟುವುದಿಲ್ಲ. ಟ್ಯಾಂಕ್ ಹುಳಿಯಾದ ಮೇಲೆ ಹಾಕಿದರೆ ದುಡ್ಡು ದಂಡ. ಯೀಸ್ಟ್ ಟ್ಯಾಂಕ್‌ನಲ್ಲಿ, ಫರ್ಮೆಂಟರ್ ತುಂಬುವ ಶುರುವಿನಲ್ಲೇ ಹಾಕಬೇಕು. ವಿನೆಗರ್ ಮಾಡುವ ಅಸಿಟಿಕ್ ಬ್ಯಾಕ್ಟೀರಿಯಾ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಗಾಳಿ ಬೇಕು, ಹಾಗಾಗಿ ಹುದುಗು ಶುರುವಾದ ಮೇಲೆ ಮ್ಯಾನ್‌ಹೋಲ್ ಮುಚ್ಚಳ ಮುಚ್ಚಿಡಿ.